ಕೃಷ್ಣೆ ಒಯ್ದ ಜೇಡಿ, ಕಡಲಾಳದ ಗಡ್ಡೆ

ಶಿರಸಿಯಿಂದ ಮುಂಡಗೋಡ ದಾಟಿ, ಇಲ್ಲವೇ ಯಲ್ಲಾಪುರದಿಂದ ಕಲಘಟಗಿ ದಾಟಿ ಹುಬ್ಬಳ್ಳಿಗೆ ಹೋಗುವಾಗ ಕೆಂಪು ಮಣ್ಣು ಕಪ್ಪಾಗುವುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ನಮ್ಮ ಕೆಂಪು ಮಣ್ಣಿನ ಜೇಡಿಯಲ್ಲಿ ಹೆಚ್ಚಾಗಿರುವುದು ಕೆಯೊಲಿನೈಟ್. ನೀರು ಕುಡಿದರೂ ಅದು ಅಷ್ಟಾಗಿ ಉಬ್ಬದು. ಆ ಕಡೆಯ ಎರೆಮಣ್ಣಿನಲ್ಲಿರುವುದು ಸ್ಮೆಕ್ಟೈಟ್. ಅದರ ಕಣ ಕಾಗದದ ಕಟ್ಟಿನಂತೆ ಪದರ ಪದರ. ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಮಳೆಗೆ ಉಬ್ಬಿದ ಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದು ಇದರಿಂದಲೇ.

ಆ ಮಣ್ಣು ಅಲ್ಲಿಯೇ ನಿಲ್ಲುವುದಿಲ್ಲ. ನವಲಗುಂದದ ಕಡೆಯ ಬೆಣ್ಣಿಹಳ್ಳ ಮಲಪ್ರಭೆಗೆ, ಮಲಪ್ರಭೆ ಕೃಷ್ಣೆಗೆ. ನಮ್ಮ ಬನವಾಸಿಯ ವರದೆಯೂ ತುಂಗಭದ್ರೆ ಸೇರಿ ಕೃಷ್ಣೆಗೇ ಹೋಗುತ್ತದೆ. (ಸಿದ್ದಾಪುರದ ಅಘನಾಶಿನಿ, ಯಲ್ಲಾಪುರದ ಬೇಡ್ತಿ ಪಶ್ಚಿಮಕ್ಕೆ ಇಳಿಯುತ್ತವೆ.) ಹೀಗೆ ದಖನ್ನಿನ ಕಪ್ಪು ಶಿಲೆ ಸವೆದು ಆದ ಜೇಡಿಯನ್ನು ಕೃಷ್ಣಾ, ಗೋದಾವರಿ ನದಿಗಳು ಬಂಗಾಳ ಕೊಲ್ಲಿಯ ತಳದಲ್ಲಿ ಹರಡಿವೆ. 2006ರಲ್ಲಿ ಭಾರತದ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮಕ್ಕಾಗಿ 'ಜಾಯ್ಡಿಸ್ ರೆಸಲ್ಯೂಷನ್' ಹಡಗು ಮೊದಲು ನಮ್ಮ ಪಶ್ಚಿಮ ಕಡಲಿನಲ್ಲಿ ಕೊರೆದಾಗ ಹೈಡ್ರೇಟ್ ಸಿಗಲಿಲ್ಲ. ಕೃಷ್ಣಾ–ಗೋದಾವರಿ ಬೇಸಿನ್‌ನಲ್ಲಿ ಸುಮಾರು 130 ಮೀಟರ್ ದಪ್ಪದ ಜೇಡಿಯ ಬಿರುಕುಗಳಲ್ಲಿ ಸಿಕ್ಕಿತು.

ಹೈಡ್ರೇಟ್ ನೋಡಲು ಮಂಜುಗಡ್ಡೆ; ಕಡ್ಡಿ ಗೀರಿದರೆ ಉರಿಯುತ್ತದೆ. ನೀರಿನ ಅಣುಗಳು ಗೂಡು ಕಟ್ಟಿ ಒಳಗೆ ಮೀಥೇನನ್ನು ಹಿಡಿದಿರುತ್ತವೆ. ಸಾವಿರ ಮೀಟರ್ ಆಳದಲ್ಲಿ ಒತ್ತಡ ಸುಮಾರು 100 ವಾತಾವರಣ. ಅಲ್ಲಿ 10 ಡಿಗ್ರಿ ಸೆಲ್ಸಿಯಸ್‌ನಲ್ಲೂ ಅದು ಕಟ್ಟುತ್ತದೆ. ಬಾವಿಯಿಂದ ಅನಿಲ ನುಗ್ಗಿದಾಗ ತುರ್ತು ಕವಾಟದ ಕೊಳವೆಗಳಲ್ಲೇ ಗಡ್ಡೆ ಕಟ್ಟಿದರೆ ಮೇಲಿರುವ ಕೆಲಸಗಾರರ ಜೀವಕ್ಕೆ ಅಪಾಯ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಸ್ಫೋಟದಲ್ಲಿ 11 ಮಂದಿ ಸತ್ತರು. ಆಮೇಲೆ ಸೋರುವ ತೈಲ ಹಿಡಿಯಲು ಸುಮಾರು 1500 ಮೀಟರ್ ಆಳಕ್ಕೆ ಇಳಿಸಿದ ಉಕ್ಕಿನ ಗುಮ್ಮಟ ಹೈಡ್ರೇಟ್ ಕಟ್ಟಿಕೊಂಡು ನಿರುಪಯುಕ್ತವಾಯಿತು.

ನಮ್ಮಲ್ಲಿ ಬೋರ್‌ವೆಲ್ ಕೊರೆಯುವಾಗ ಮೇಲಿನ ಮೆದು ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರೆ. ಕಡಲಲ್ಲೂ ಕೇಸಿಂಗ್ ಉಂಟು. ಅದು ಇಳಿಯುವವರೆಗೆ ಬಾವಿಯ ಗೋಡೆಯನ್ನು ಹಿಡಿದಿಡುವುದು ಕೊರೆಯುವಾಗ ಒಳಗೆ ಹರಿಸುವ ದ್ರವ. ಅದು ಬರೀ ನೀರಾದರೆ ಜೇಡಿ ಉಬ್ಬುತ್ತದೆ, ಹೈಡ್ರೇಟಿಗೂ ದಾರಿಯಾಗುತ್ತದೆ. ಲವಣ ಎರಡಕ್ಕೂ ಮದ್ದು: ಪೊಟ್ಯಾಸಿಯಮ್ ಅಯಾನು ಪದರಗಳ ನಡುವೆ ಕೂತು ಬಿಗಿಯುತ್ತದೆ, ಉಪ್ಪುನೀರಿನಲ್ಲಿ ಗಡ್ಡೆ ಕಟ್ಟಲು ಇನ್ನೂ ಹೆಚ್ಚು ಚಳಿ ಬೇಕು. ಆದರೆ ಹೈಡ್ರೇಟ್ ತಡೆಯಲು ಶೇ 20ರ ಆಸುಪಾಸು ಉಪ್ಪು ಹಾಕಿದರೆ ದ್ರವ ಭಾರವಾಗಿ, ತಳದ ಮೆದು ಜೇಡಿ ಸೀಳಬಹುದು.

ಅದಕ್ಕೇ ಪಾಲಿಮರ್, ಶೇ 1ರ ಆಸುಪಾಸು ಸಾಕು. ಪಾಲಿಅಕ್ರಿಲಮೈಡ್ ಜಾತಿಯ ಉದ್ದ ಸರಪಳಿಗಳು ಜೇಡಿಯ ಕಣಗಳಿಗೆ ಹಲವು ಕಡೆ ಅಂಟಿ ಹೊದಿಕೆಯಾಗುತ್ತವೆ. ಪಾಲಿವಿನೈಲ್ ಪಿರೊಲಿಡೋನ್ ಹೈಡ್ರೇಟಿನ ಎಳೆ ಹರಳಿಗೆ ಅಂಟಿಕೊಂಡು ಮುಂದಿನ ಗೂಡು ಕಟ್ಟಲು ಬಿಡುವುದಿಲ್ಲ. ಹೆಸರಿಗೆ ಹೆದರಬೇಡಿ, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್‌ನಲ್ಲಿರುವ ಪೊವಿಡೋನ್ ಇದೇ. ಎನ್‌ಸಿಇಆರ್‌ಟಿ ರಸಾಯನಶಾಸ್ತ್ರ ಪುಸ್ತಕದಿಂದ ಪಾಲಿಮರ್ ಅಧ್ಯಾಯ ತೆಗೆದದ್ದು ಪಾಠ ಮಾಡುವ ನನಗೆ ಬೇಸರ ತರುವುದು ಇಂಥ ಕಾರಣಕ್ಕೇ.

ಆದರೂ ಪಾಲಿಮರ್ ಒಂದನ್ನೇ ನಂಬುವುದು ಸರಿಯಲ್ಲವೆಂದು ನನಗನಿಸುತ್ತದೆ. ಪಿರೊಲಿಡೋನ್ ಹೈಡ್ರೇಟನ್ನು ತಡಮಾಡುತ್ತದೆ, ಅಷ್ಟೆ. ಚಳಿ ಹೆಚ್ಚಿದರೆ, ಸಮಯ ಕಳೆದರೆ ಸೋಲುತ್ತದೆ. ಹಾಗಾಗಿ ಉಪ್ಪನ್ನೂ ಜೊತೆಗೆ ಬಳಸುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಹಡಗು ಬಾವಿ ಬಿಟ್ಟು ಸರಿಯಬೇಕಾಗಿ ಬಂದರೆ, ಒಳಗಿನ ದ್ರವ ದಿನಗಟ್ಟಲೆ ತಣ್ಣಗೆ ನಿಲ್ಲಬೇಕಾಗುತ್ತದಲ್ಲ.