ಹೆಸರು ಟೈರಿನದು, ಉಸಿರು ಗಾಳಿಯದು

“ಯಾವ ಕಂಪನಿಯ ಟೈರು ಒಳ್ಳೆಯದು?” ಕೂಡ್ಲಿಗಿಯ ಹೆದ್ದಾರಿಯ ಬದಿಯ ಚಹದಂಗಡಿಯಲ್ಲಿ ಈ ಪ್ರಶ್ನೆಯನ್ನು ಒಮ್ಮೆ ಕೇಳಿ ನೋಡಿರಿ. ಚಹದ ಲೋಟ ಬರಿದಾಗುತ್ತದೆ, ವಾದ ಮಾತ್ರ ಮುಗಿಯುವುದಿಲ್ಲ. ಒಬ್ಬ ಲಾರಿ ಚಾಲಕನಿಗೆ ಎಂಆರ್‌ಎಫ್ ಬಿಟ್ಟರೆ ಬೇರೆ ದೇವರಿಲ್ಲ. ಇನ್ನೊಬ್ಬನು ಅಪೋಲೋದ ಭಕ್ತ. ಮೋಟಾರ್‌ಸೈಕಲ್ಲಿನ ಉಪಾಧ್ಯಾಯರು ಸಿಯೆಟ್ ಪರವಾಗಿ ಸಾಕ್ಷಿ ನುಡಿಯುತ್ತಾರೆ. ತಲೆ ನರೆತ ಚಾಲಕರೋ, “ನಮ್ಮ ಮೈಸೂರಿನ ವಿಕ್ರಾಂತ್ ಕಾಲವೇ ಬೇರೆ” ಎಂದು ನಿಟ್ಟುಸಿರಿಡುತ್ತಾರೆ. ಮೈಸೂರಿನ ಆ ಸಂಸ್ಥೆ 1997ರಲ್ಲಿ ಜೆಕೆಯವರ ಕೈಸೇರಿತು. ಅಭಿಮಾನ ಮಾತ್ರ ಉಳಿದಿದೆ.

ಈ ಟೈರಿನ ಹುಟ್ಟೂ ಒಂದು ಮನೆಯ ಕಥೆಯೇ. ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಎಂಬಾತನು ತನ್ನ ಮಗನ ಮೂರುಗಾಲಿಯ ಸೈಕಲ್ಲು ಸುಖವಾಗಿ ಓಡಲೆಂದು ಗಾಲಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಸುತ್ತಿದನು. 1888ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಅಂದಿನಿಂದ ಇಂದಿನವರೆಗೆ ನಮ್ಮ ಭಾರವನ್ನು ಹೊರುತ್ತಿರುವುದು ಮುಖ್ಯವಾಗಿ ಆ ಗಾಳಿಯೇ, ರಬ್ಬರಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳಲ್ಲಿ ಟೈರಿಗೆ ಶತ್ರುಗಳು ಹಲವರು. ಬೇಸಿಗೆಯ ಬಿಸಿಲು ಒಂದು. ಹರಪನಹಳ್ಳಿಯ ಕಡೆಯ ಮೆಕ್ಕೆಜೋಳದ ಹೊರೆ ಇನ್ನೊಂದು. ಹಡಗಲಿಯ ಮಲ್ಲಿಗೆಗೆ ಭಾರವಿಲ್ಲ, ಆದರೆ ಬಾಡುವ ಮುನ್ನ ಪೇಟೆ ಸೇರಬೇಕೆಂಬ ಅವಸರವಿದೆ. ಇವೆಲ್ಲಕ್ಕೂ ಮಿಗಿಲಾದದ್ದು ಹಳೆಯ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡದ ಮುಳ್ಳು ಯಾವ ಕಂಪನಿಯ ಮುದ್ರೆಯನ್ನೂ ಓದುವುದಿಲ್ಲ.

ಕೊಟ್ಟೂರಿನ ಪಂಕ್ಚರ್ ಅಂಗಡಿಯೊಂದಕ್ಕೆ ಒಬ್ಬಾತನು ಹೆಂಡತಿ, ಮಗುವಿನೊಡನೆ ಮೋಟಾರ್‌ಸೈಕಲ್ಲನ್ನು ತಳ್ಳಿಕೊಂಡು ಬಂದನು. ಟೈರು ಮಾಡಿದವರನ್ನು ದಾರಿಯುದ್ದಕ್ಕೂ ಬೈದಂತಿತ್ತು. ಅಂಗಡಿಯವನು ಹಿಂದಿನ ಗಾಲಿಯನ್ನು ತಿರುಗಿಸಿ, ಉಗುರುದ್ದದ ಮುಳ್ಳೊಂದನ್ನು ಕಿತ್ತು ಅಂಗೈಯಲ್ಲಿಟ್ಟನು.

“ಟೈರಿಂದೇನ್ ತಪ್ಪಿಲ್ಲಣ್ಣಾ. ಹವಾ ನೋಡ್ಸಿ ಎಷ್ಟ್ ದಿನ ಆತು?”

ಆತನು ಉತ್ತರಿಸಲಿಲ್ಲ.

ಅಪಾಯವಿರುವುದು ಇಲ್ಲಿಯೇ. ಟ್ಯೂಬಿದ್ದ ಟೈರಿಗೆ ಮುಳ್ಳು ಚುಚ್ಚಿದರೆ ಗಾಳಿ ಬೇಗನೆ ಹೋಗಿ ಗಾಡಿ ನಿಲ್ಲುತ್ತದೆ. ಟ್ಯೂಬಿಲ್ಲದ ಟೈರಿನಲ್ಲಿ ಮುಳ್ಳು ನಾಟಿಕೊಂಡೇ ಇರುತ್ತದೆ. ಗಾಳಿ ದಿನದಿನವೂ ಇಷ್ಟಿಷ್ಟೇ ಸೋರುತ್ತದೆ. ಗಾಳಿ ಕಡಿಮೆಯಾದ ಟೈರು ಓಡುವಾಗ ಹೆಚ್ಚು ಬಳುಕುತ್ತದೆ, ಬಳುಕಿದಷ್ಟೂ ಕಾಯುತ್ತದೆ. ಅದರ ಮೇಲೆ ಮಿತಿಮೀರಿದ ಹೊರೆ, ವೇಗ, ನಡುಹಗಲಿನ ರಸ್ತೆಯ ಕಾವು ಕೂಡಿದರೆ ಎಷ್ಟೇ ಹೆಸರುವಾಸಿಯಾದ ಟೈರೂ ಸಿಡಿಯಬಹುದು.

ಆದುದರಿಂದ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ ಗಾಳಿಯನ್ನು ಅಳೆಯಿಸಿರಿ. ಟೈರಿನ ಮೇಲೆ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ. ತುಂಬಿಸಬೇಕಾದ ಅಳತೆ ವಾಹನದೊಡನೆ ಬಂದ ಪುಸ್ತಕದಲ್ಲಿರುತ್ತದೆ. ಎರಡು ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆಯಾಗಿತ್ತೆಂದೂ, ನಡುಭಾಗ ಸವೆದಿದ್ದರೆ ಹೆಚ್ಚಾಗಿತ್ತೆಂದೂ ತಿಳಿಯಬಹುದು. ಟೈರಿನ ಗೀರುಗಳ ಆಳ ಕಾರಿಗೆ 1.6 ಮಿಲಿಮೀಟರಿಗಿಂತಲೂ ದ್ವಿಚಕ್ರ ವಾಹನಕ್ಕೆ 0.8 ಮಿಲಿಮೀಟರಿಗಿಂತಲೂ ಕಡಿಮೆಯಾಗಕೂಡದೆಂಬುದು ನಿಯಮ. ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿರಿ: 2623 ಎಂದಿದ್ದರೆ ಅದು 2023ರ 26ನೆಯ ವಾರದಲ್ಲಿ ಹುಟ್ಟಿದ ಟೈರು. ಓಡದೆ ನಿಂತರೂ ಬಿಸಿಲಿನಲ್ಲಿ ರಬ್ಬರಿಗೆ ಮುಪ್ಪು ಬರುತ್ತದೆ.

ಕಂಪನಿಯನ್ನು ಆರಿಸುವುದು ಕೊಳ್ಳುವ ದಿನ ಒಮ್ಮೆ. ಬಗ್ಗಿ ನೋಡಬೇಕಾದುದು ಪ್ರತಿವಾರ.

ಕೊಟ್ಟೂರಿನ ಅಂಗಡಿಯಲ್ಲಿ ರಿಪೇರಿ ಮುಗಿಯಿತು. ಆತನು ಹಣ ಕೊಟ್ಟು ಗಾಡಿಯನ್ನೇರಿದನು. ಮಗುವನ್ನೆತ್ತಿಕೊಂಡಿದ್ದ ಹೆಂಡತಿ ಮಾತ್ರ ಹತ್ತಲಿಲ್ಲ.

“ಮುಂದಿನ ಗಾಲಿನೂ ಒಂದ್ ಸಲ ನೋಡಣ್ಣಾ,” ಎಂದಳು.