'ಆಲು' ಅಂದ ಹುಡುಗ ಮತ್ತು ನಾಳಿನ ಮೇಷ್ಟ್ರು

ಹಳೇ ಮೈಸೂರು ಸೀಮೆಯ ಶಾಲೆಗಳಲ್ಲಿ ಇದು ಹೊಸ ದೃಶ್ಯವಲ್ಲ. ಗಟ್ಟಿಯಾಗಿ ಓದು ಎಂದಾಗ ಎದ್ದು ನಿಂತ ಹುಡುಗ 'ಹಾಲು' ಇರುವ ಕಡೆ 'ಆಲು' ಎನ್ನುತ್ತಾನೆ, 'ಆಸೆ' ಇರುವ ಕಡೆ 'ಹಾಸೆ' ಎನ್ನುತ್ತಾನೆ. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರೆ ಸಾಕು, ಇಡೀ ತರಗತಿ ನಗುತ್ತದೆ. ಆ ಹೊತ್ತಿಗೆ ಕಪ್ಪುಹಲಗೆಯ ಮುಂದೆ ನಿಂತಿರುವವರು ಬಿ.ಇಡಿ. ಇಂಟರ್ನ್‌ಶಿಪ್‌ಗೆ ಬಂದ ಪ್ರಶಿಕ್ಷಣಾರ್ಥಿ ಎಂದುಕೊಳ್ಳಿ. ಕೈಯಲ್ಲಿ ಪಾಠಯೋಜನೆ ಇದೆ, ಕೊನೆಯ ಬೆಂಚಿನಲ್ಲಿ ಮೇಲ್ವಿಚಾರಕರು ಅಂಕ ಹಾಕಲು ಕೂತಿದ್ದಾರೆ. ಪಾಠಯೋಜನೆಯಲ್ಲಿ ಈ ಗಳಿಗೆಗೆ ಏನೂ ಬರೆದಿಲ್ಲ.

ಇಂಥ ಕಡೆ ಮಾತಾಡುವುದು ಅವರು ಬೆಳೆದ ಮನೆ. ಮನೆಯವರೆಲ್ಲ ಹಕಾರ ತಪ್ಪದೆ ಮಾತಾಡುವವರಾದರೆ ಹುಡುಗನದು ತಿದ್ದಬೇಕಾದ ತಪ್ಪು, ಅಷ್ಟೇ. ಅವರ ಅವ್ವನೂ 'ಆಲು ಕರೆಯೋಕೆ ಓಯ್ತೀನಿ' ಎನ್ನುವವರಾದರೆ ಮಕ್ಕಳ ಆ ನಗು ತಮ್ಮ ಮನೆಯ ಬಾಗಿಲಿಗೇ ಬಂದು ಬಡಿದಂತಾಗುತ್ತದೆ.

ಶಿಕ್ಷಕರಾಗಲು ಹೊರಟವರ ಜಾತಿ, ಧರ್ಮ, ಮನೆಮಾತು, ಊರು, ಲಿಂಗ, ಬಡತನ ಅಥವಾ ಅನುಕೂಲ, ದೇಹದ ಊನ ಇವೆಲ್ಲ ಅವರ ಜೊತೆಗೇ ತರಗತಿಯ ಒಳಗೆ ಬರುತ್ತವೆ. ಯಾರನ್ನು ಪ್ರಶ್ನೆ ಕೇಳುತ್ತಾರೆ, ಯಾರ ಉತ್ತರಕ್ಕೆ ಕಾಯುತ್ತಾರೆ, ಲೆಕ್ಕ ಹೇಳಿಕೊಡುವಾಗ ಬ್ಯಾಂಕಿನ ಬಡ್ಡಿಯ ಉದಾಹರಣೆ ಕೊಡುತ್ತಾರೋ ಕೈಸಾಲದ್ದೋ ಎಂಬುದರಲ್ಲೆಲ್ಲ ಅವು ಕಾಣುತ್ತವೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಶಿಕ್ಷಕ ವೃತ್ತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಲೆಕ್ಕ ಕೊಟ್ಟರು. ಹೈಸ್ಕೂಲು ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆಗಳ ಕಾಲ ಶಿಕ್ಷಕರನ್ನು ಹತ್ತಿರದಿಂದ ನೋಡಿರುತ್ತಾನೆ. ಬೇರಾವ ವೃತ್ತಿಗೂ ಇಷ್ಟು ಉದ್ದದ ತಾಲೀಮು ಇಲ್ಲ. ತರಬೇತಿ ಕಾಲೇಜಿಗೆ ಸೇರುವ ಮೊದಲೇ 'ಪಾಠ ಮಾಡುವುದೆಂದರೆ ಹೀಗೆ' ಎಂಬ ಚಿತ್ರ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಆದರೆ ಆ ಚಿತ್ರ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಮುಂದಿನ ಬೆಂಚಿನಲ್ಲಿ ಕೂತು ಶಹಬ್ಬಾಸ್‌ಗಿರಿ ಪಡೆದವರು ನೋಡಿದ ಮೇಷ್ಟ್ರೇ ಬೇರೆ, ಫೀಸು ಕಟ್ಟಿಲ್ಲವೆಂದು ಹೊರಗೆ ನಿಂತವರು ನೋಡಿದ ಮೇಷ್ಟ್ರೇ ಬೇರೆ.

ಬಾಳಿದ ಬದುಕು ಮೇಷ್ಟ್ರ ಜೊತೆಗೇ ತರಗತಿಗೆ ಬರುತ್ತದೆ ಎಂಬುದಕ್ಕೆ ಭಾರತದ ಶಿಕ್ಷಣದ ಇತಿಹಾಸದಲ್ಲಿ ಸಾವಿತ್ರಿಬಾಯಿ ಫುಲೆಯವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1831ರಲ್ಲಿ ಮಹಾರಾಷ್ಟ್ರದ ನಾಯಗಾಂವ್‌ನಲ್ಲಿ ಮಾಳಿ ಸಮುದಾಯದಲ್ಲಿ ಹುಟ್ಟಿದ ಅವರು ಮದುವೆಯಾದ ಮೇಲೆ ಅಕ್ಷರ ಕಲಿತವರು. ಅಹಮದ್‌ನಗರ ಮತ್ತು ಪುಣೆಯಲ್ಲಿ ಶಿಕ್ಷಕ ತರಬೇತಿ ಪಡೆದರು. ಇಂದಿನ ಮಾತಿನಲ್ಲಿ ಅವರೂ ಒಬ್ಬ ಪ್ರಶಿಕ್ಷಣಾರ್ಥಿ. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ದಾರಿಯಲ್ಲಿ ಜನ ಸಗಣಿ, ಕೆಸರು ಎರಚುತ್ತಿದ್ದರಿಂದ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ಓದು ನಿಷಿದ್ಧವಾಗಿದ್ದ ಹೆಣ್ಣು, ಶೂದ್ರರೆನಿಸಿಕೊಂಡ ಜಾತಿ ಈ ಎರಡರ ನೋವನ್ನೂ ಉಂಡಿದ್ದವರ ಶಾಲೆಯಲ್ಲಿ ಮಕ್ಕಳು ತಮ್ಮ ಬದುಕಿನ ಬಗ್ಗೆ ಬರೆಯಲು ಹೆದರಲಿಲ್ಲ. ಫುಲೆ ದಂಪತಿಯ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಬಾಲಕಿ ಮುಕ್ತಾ ಸಾಳ್ವೆ, ಮಾಂಗ್ ಮತ್ತು ಮಹಾರ್ ಜನರ ಸಂಕಟ ಕುರಿತು ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಆಕೆಗೆ ಸುಮಾರು ಹದಿನಾಲ್ಕು ವರ್ಷ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಥೆಯೂ ಈ ಸಾಲಿನದೇ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕರೆತಂದು ಸಂಗೀತ ಕಲಿಸಿದರು. ಅವರ ನಂತರ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳೇ ಅದನ್ನು ಮುಂದುವರಿಸಿದರು. ಕುರುಡು ಮಗು ಏನನ್ನು ಕಲಿಯಬಲ್ಲದು ಎಂಬ ಅನುಮಾನ ಅಲ್ಲಿ ಗುರುವಿನ ಮನಸ್ಸಿಗೆ ಬರುವಂತೆಯೇ ಇರಲಿಲ್ಲ.

ಹಾಗಾದರೆ ನೋವುಂಡವರು ಮಾತ್ರ ಒಳ್ಳೆಯ ಮೇಷ್ಟ್ರಾಗಬಲ್ಲರೇ? ಮಂಗಳೂರಿನ ಕುದ್ಮುಲ್ ರಂಗರಾಯರು ಹುಟ್ಟಿನಿಂದ ಸಾರಸ್ವತ ಬ್ರಾಹ್ಮಣರು, ವೃತ್ತಿಯಿಂದ ವಕೀಲರು. 1892ರಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ಶುರುಮಾಡಿದಾಗ ಸ್ವಂತ ಸಮುದಾಯವೇ ಬಹಿಷ್ಕಾರ ಹಾಕಿತು. ಅವರು ಹಿಂದೆ ಸರಿಯಲಿಲ್ಲ. ಹುಟ್ಟು ಕೊಟ್ಟ ಅನುಕೂಲವನ್ನು ಕಣ್ಣುಬಿಟ್ಟು ನೋಡಿದವರು ಅದರಾಚೆಗೂ ಹೋಗಬಲ್ಲರು.

ಇದರ ಇನ್ನೊಂದು ಮಗ್ಗುಲು ಸ್ವಲ್ಪ ಕಹಿ. ಅರ್ಥಶಾಸ್ತ್ರಜ್ಞರಾದ ರೆಮಾ ಹಾನ್ನಾ ಮತ್ತು ಲೀ ಲಿಂಡೆನ್ ಭಾರತದಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಜಾತಿಯನ್ನು ಚೀಟಿ ಎತ್ತಿದ ಹಾಗೆ ಬೇಕಾಬಿಟ್ಟಿ ಬರೆದು ಶಿಕ್ಷಕರಿಗೆ ತಿದ್ದಲು ಕೊಟ್ಟರು. ಕೆಳಜಾತಿ ಎಂದು ಬರೆದಿದ್ದ ಪತ್ರಿಕೆಗಳಿಗೆ ಸ್ವಲ್ಪ ಕಡಿಮೆ ಅಂಕ ಬಿತ್ತು. ಅಂತರ ಸಣ್ಣದೇ. ಆದರೆ ಅದು ಬಂದದ್ದು ಮುಖ್ಯವಾಗಿ ಕೆಳಜಾತಿಯವರೇ ಆದ ಶಿಕ್ಷಕರು ತಿದ್ದಿದ ಪತ್ರಿಕೆಗಳಲ್ಲಿ. ಸಮಾಜ ತನ್ನ ಬಗ್ಗೆ ಆಡಿದ ಕೀಳು ಮಾತನ್ನು ಮನುಷ್ಯ ಗೊತ್ತಿಲ್ಲದೆ ತಾನೂ ನಂಬಿಬಿಡಬಹುದು ಎಂದೇ ಇದನ್ನು ಓದಬೇಕಾಗುತ್ತದೆ. 'ಆಲು' ಎಂದ ಹುಡುಗನಿಗೆ ಎಲ್ಲರಿಗಿಂತ ಜೋರಾಗಿ ಗದರುವವರು, ಒಂದು ಕಾಲಕ್ಕೆ ಹಾಗೇ ಅಂದು ನಗೆಪಾಟಲಾಗಿ, ಕಷ್ಟಪಟ್ಟು ನಾಲಿಗೆ ತಿದ್ದಿಕೊಂಡ ಮೇಷ್ಟ್ರೇ ಆಗಿರಬಹುದು. ಒಂದೇ ಮೂಲದಿಂದ ಬಂದ ಮಾತ್ರಕ್ಕೆ ಮಗುವಿನ ಕಷ್ಟ ತಿಳಿದೀತು ಎಂಬ ಖಾತರಿಯಿಲ್ಲ.

ಜಾತಿಯನ್ನು ತರಗತಿಯಲ್ಲಿ ಎತ್ತಿ ಆಡಿದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. ವಿಶ್ವಬ್ಯಾಂಕಿನ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಆಟ ಕೊಟ್ಟು, ಬಿಡಿಸಿದ್ದಕ್ಕೆ ತಕ್ಕಂತೆ ಹಣ ಕೊಟ್ಟರು. 2004ರಲ್ಲಿ ಅವರು ಹೊರತಂದ ವರದಿಯ ಪ್ರಕಾರ, ಜಾತಿಯ ಸುದ್ದಿ ಎತ್ತದಿದ್ದಾಗ ಮೇಲುಜಾತಿ, ಕೆಳಜಾತಿ ಹುಡುಗರು ಹೆಚ್ಚುಕಡಿಮೆ ಸಮಸಮ ಬಿಡಿಸಿದರು. ಎಲ್ಲರೆದುರು ಹುಡುಗರ ಹೆಸರು, ಊರು, ಜಾತಿ ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಆಟಗಳ ಸಂಖ್ಯೆ ಇಳಿದುಹೋಯಿತು. ಹುಡುಗರ ಬುದ್ಧಿ ಬೇರೆಯಾಗಿರಲಿಲ್ಲ, ಕೋಣೆಯ ಗಾಳಿ ಬೇರೆಯಾಗಿತ್ತು. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ದಿನ 'ಎಸ್.ಸಿ., ಎಸ್.ಟಿ. ಮಕ್ಕಳೆಲ್ಲ ಎದ್ದು ನಿಲ್ಲಿ' ಎಂದು ಕೂಗುವ ಅಭ್ಯಾಸವಿರುವ ಶಾಲೆಗಳು ಈ ಒಂದು ಪ್ರಯೋಗವನ್ನು ನೆನಪಿಡಬೇಕು. ಕೂಗುವವರಿಗೆ ಅದು ಬರೀ ಕಚೇರಿ ಕೆಲಸ ಎನಿಸಬಹುದು, ಯಾಕೆಂದರೆ ಅವರು ಹಾಗೆ ಎದ್ದು ನಿಂತವರಲ್ಲ.

ಬಿಸಿಯೂಟದ ಸಾಲಿನಲ್ಲೂ ಇದೇ ಪರೀಕ್ಷೆ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ, ಬೇಡವೆಂದವರಿಗೆ ಬಾಳೆಹಣ್ಣು. ಮೊಟ್ಟೆ ತಿನ್ನದ ಮನೆಯಿಂದ ಬಂದ ಶಿಕ್ಷಕಿ ಬಾಯಿಬಿಟ್ಟು ಏನೂ ಅನ್ನಬೇಕಿಲ್ಲ. ಮುಖ ಸ್ವಲ್ಪ ಗಂಟಾದರೂ ಮಕ್ಕಳು ಅದನ್ನು ಓದಿಬಿಡುತ್ತಾರೆ. ಬೆಂಚು ಹೊರಲು ಗಂಡುಹುಡುಗರನ್ನು, ರಂಗೋಲಿ ಹಾಕಲು ಹುಡುಗಿಯರನ್ನು ಕರೆಯುವುದೂ ಯಾರೂ ಯೋಚಿಸಿ ಮಾಡುವ ಕೆಲಸವಲ್ಲ. ಮನೆಯಲ್ಲಿ ನಡೆದದ್ದು ಶಾಲೆಯಲ್ಲೂ ನಡೆಯುತ್ತದೆ, ಅಷ್ಟೇ.

ಭಾಷೆಯ ವಿಷಯ ನಮ್ಮ ರಾಜ್ಯದಲ್ಲಿ ಇನ್ನೂ ಸೂಕ್ಷ್ಮ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ರಾಜ್ಯದ ಜನರಲ್ಲಿ ಸುಮಾರು ಮೂರನೇ ಎರಡು ಪಾಲು. ಉಳಿದ ಮನೆಗಳಲ್ಲಿ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಕೊಡವ ಹೀಗೆ ಹಲವು ನುಡಿಗಳಿವೆ. ತಾಂಡಾದ ಮಗು ಶಾಲೆಯಲ್ಲಿ ಮೌನವಾಗಿದ್ದರೆ ಕನ್ನಡವೊಂದೇ ಬಲ್ಲ ಪ್ರಶಿಕ್ಷಣಾರ್ಥಿಗೆ ಮಗು 'ದಡ್ಡ' ಎನಿಸುತ್ತದೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ನುಡಿಯ ನಡುವೆ ತಡವರಿಸಿ ಬೆಳೆದವರಿಗೆ ಅದು ಮಾತು ಹುಡುಕುತ್ತಿರುವ ಮಗು ಎಂದು ಕೂಡಲೇ ತಿಳಿಯುತ್ತದೆ. ಕನ್ನಡದೊಳಗಿನ ಕನ್ನಡಗಳೂ ಇವೆ. ಕಲಬುರಗಿ ಕಡೆಯ ಮಗು 'ಬರಾಕತ್ತೀನಿ' ಎಂದು ಬರೆದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು ಸುಲಭ. 'ಇದು ಮನೆಯ ಮಾತು, ಪುಸ್ತಕದಲ್ಲಿ ಬರುತ್ತಿದ್ದೇನೆ ಎಂದು ಬರೆಯುತ್ತಾರೆ, ಎರಡೂ ನಿನಗೆ ಬರಲಿ' ಎನ್ನಲು ಮೇಷ್ಟ್ರಿಗೆ ತಮ್ಮ ಮಾತಿನ ಬಗ್ಗೆಯೂ ಗೌರವವಿರಬೇಕು.

ಶಿಕ್ಷಣ ನೀತಿ ರೂಪಿಸುವವರಿಗೆ ಇದು ತಿಳಿಯದ ವಿಷಯವೇನಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮ ತಂದಿತು. ಒಂದು ವರ್ಷದ ಬಿ.ಇಡಿ. ಎರಡು ವರ್ಷದ್ದಾಯಿತು. ಎರಡು ವರ್ಷಗಳಲ್ಲಿ ಒಟ್ಟು 20 ವಾರ ಶಾಲೆಗಳಲ್ಲೇ ಕಳೆಯಬೇಕೆಂದಾಯಿತು. ಅದರ ಪಠ್ಯಕ್ರಮದ ಚೌಕಟ್ಟಿನಲ್ಲಿ 'ತನ್ನನ್ನು ತಾನು ಅರಿಯುವುದು' ಎಂಬ ಪತ್ರಿಕೆಯೂ ಸೇರಿತು. ನಾನು ಯಾವ ಮನೆಯವನು, ಯಾವ ಅನುಕೂಲ ಪಡೆದವನು, ಯಾರನ್ನು ಕಂಡರೆ ನನಗೆ ಗೊತ್ತಿಲ್ಲದೇ ತಾತ್ಸಾರ ಹುಟ್ಟುತ್ತದೆ ಎಂದು ಭಾವಿ ಶಿಕ್ಷಕರು ಬರೆದು, ಮಾತಾಡಿ, ನಾಟಕ ಆಡಿ ಕಂಡುಕೊಳ್ಳಲು ಅದರಲ್ಲಿ ಜಾಗವಿದೆ.

ಈ ಪತ್ರಿಕೆಯನ್ನು ಒಂದು ರೆಕಾರ್ಡ್ ಪುಸ್ತಕ ತುಂಬಿಸಿ, ಸೀನಿಯರ್‌ಗಳದ್ದನ್ನು ನಕಲು ಮಾಡಿ, ಸಹಿ ಹಾಕಿಸಿ ಮುಗಿಸಿಬಿಟ್ಟರೆ ಆಗುವ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಕಾಲೇಜುಗಳು ಮಾಡಬಹುದಾದ ಕೆಲಸ ದುಬಾರಿಯದ್ದೂ ಅಲ್ಲ. ಪ್ರಶಿಕ್ಷಣಾರ್ಥಿ ಒಂದು ವಾರ ತಾನು ಯಾವ ಮಕ್ಕಳ ಹೆಸರು ಹಿಡಿದು ಕರೆದೆ, ಯಾರನ್ನು ಒಮ್ಮೆಯೂ ಕರೆಯಲಿಲ್ಲ ಎಂದು ಬರೆದಿಡಲಿ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವ ಸಹಪಾಠಿ ಬೇರೆ ಜಾತಿಯ, ಬೇರೆ ಮನೆಮಾತಿನವರಾಗಿರಲಿ. ತನಗೆ ಕಾಣದ್ದು ಅವರಿಗೆ ಕಾಣುತ್ತದೆ. ಇಂಟರ್ನ್‌ಶಿಪ್ ನಡೆಯುವ ಶಾಲೆಯ ಮಕ್ಕಳ ಕೇರಿಗೆ, ಹಟ್ಟಿಗೆ, ತಾಂಡಾಕ್ಕೆ ಒಂದು ಸಂಜೆ ಹೋಗಿ ಬರಲಿ.

2023-24ರಿಂದ ನಾಲ್ಕು ವರ್ಷಗಳ ಸಮಗ್ರ ಶಿಕ್ಷಕ ಶಿಕ್ಷಣ ಕೋರ್ಸುಗಳು ದೇಶದಲ್ಲಿ ಆರಂಭವಾಗಿವೆ, ಪಠ್ಯಕ್ರಮಗಳು ಮತ್ತೆ ಬರೆಯಲ್ಪಡುತ್ತಿವೆ. ಈ ಹೊತ್ತಿನಲ್ಲಿ ಶಿಕ್ಷಕ ತರಬೇತಿ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ: 'ತನ್ನನ್ನು ತಾನು ಅರಿಯುವ' ಪತ್ರಿಕೆಗೆ ಬೋಧನಾ ವಿಧಾನದಷ್ಟೇ ತಾಸು ಕೊಡಿ, ಆ ತಾಸುಗಳಲ್ಲಿ ಜಾತಿ, ಮನೆಮಾತು, ಹೆಣ್ಣು-ಗಂಡು ಎಂಬ ಮಾತುಗಳನ್ನು ಹೆಸರಿಟ್ಟು ಚರ್ಚಿಸಿ. 'ಆಲು' ಎಂದ ಹುಡುಗ ನಾಳೆಯೂ ಗಟ್ಟಿಯಾಗಿ ಓದಲು ಎದ್ದು ನಿಲ್ಲುವಂತೆ ನಿಮ್ಮ ವಿದ್ಯಾರ್ಥಿಗಳನ್ನು ತಯಾರು ಮಾಡಿ.