ಸಿಪಾಯಿಯ ಕಾಗದದಲ್ಲಿ ಒಂದು ವಾಕ್ಯ

ನಮ್ಮ ಹಳೆಯ ಶಾಸನಗಳಲ್ಲಿ ‘ಬಾಳ್ಗಳ್ಚು’ ಎಂಬ ಮಾತು ಬರುತ್ತದೆ. ಕತ್ತಿಯನ್ನು ತೊಳೆಯುವುದು ಎಂದು ಅದರ ಅರ್ಥ. ಕಾದಿ ಮೆರೆದ ಯೋಧನಿಗೆ ಒಡೆಯನು ಕೊಟ್ಟ ಭೂಮಿಗೂ ಅದೇ ಹೆಸರು. ಮಡಿದವನ ಮನೆಯವರಿಗೆ ಸಲ್ಲುತ್ತಿದ್ದುದು ‘ನೆತ್ತರುಗೊಡಗೆ’. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲರನಿಗೆ ಗಂಗರ ಬೂತುಗನು ಹೀಗೆ ಊರನ್ನು ಕೊಟ್ಟ ಸಂಗತಿ ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿದೆ. ಅಲ್ಲಿ ಸಾಕ್ಷಿಯ ಪ್ರಶ್ನೆ ಏಳುವುದಿಲ್ಲ. ಬಾಣದ ಗಾಯ ಎಲ್ಲರ ಕಣ್ಣಿಗೂ ಕಾಣುವಂಥದು. ಆದರೆ ವರ್ಷಗಟ್ಟಲೆ ಹಿಮದ ಗಡಿಯಲ್ಲಿ ನಿಂತು ಬಂದವನ ರಕ್ತದೊತ್ತಡಕ್ಕೆ ಸಾಕ್ಷಿ ಯಾರು? ಅದು ಬಂಕರಿನಲ್ಲಿ ಬಂದದ್ದೋ, ತಂದೆಯಿಂದ ಬಂದದ್ದೋ, ಮನೆಯ ಉಪ್ಪಿನಕಾಯಿಯಿಂದ ಬಂದದ್ದೋ?

ಈ ಪ್ರಶ್ನೆ ನನ್ನ ಮುಂದೆ ಬಂದುದು 2019ರಲ್ಲಿ, ನಮ್ಮ ಬೀದಿಯ ನಿವೃತ್ತ ಹವಾಲ್ದಾರರೊಬ್ಬರು ಹಳೆಯ ಲಕೋಟೆಯೊಂದನ್ನು ಹಿಡಿದು ಮನೆಗೆ ಬಂದಾಗ. “ಮೇಷ್ಟ್ರೇ, ಇಂಗ್ಲಿಷು ಓದೋಕೆ ನನಗೂ ಬರ್ತದೆ. ಆದರೆ ನಾನು ಏನು ತಪ್ಪು ಮಾಡಿದೀನಿ ಅಂತ ಇದರಲ್ಲಿ ಬರೆದಿದಾರೋ ಅದು ತಿಳೀತಿಲ್ಲ” ಎಂದರು. ಅವರು 2005ರಲ್ಲಿ ಅವಧಿ ಮುಗಿಸಿ ಸೇನೆಯಿಂದ ಬಿಡುಗಡೆಯಾದವರು. ಆಗ ವೈದ್ಯಕೀಯ ಮಂಡಲಿಯು ಅವರ ರಕ್ತದೊತ್ತಡವನ್ನು ಶೇಕಡಾ 30ರ ವೈಕಲ್ಯವೆಂದು ಬರೆದು, ಅದರ ಕೆಳಗೆ, ಈ ರೋಗ ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಒಂದು ವಾಕ್ಯ ಸೇರಿಸಿತ್ತು. ಮರುವರ್ಷ ಬಂದ ಪತ್ರ ಆ ವಾಕ್ಯವನ್ನೇ ಉದ್ಧರಿಸಿ ವೈಕಲ್ಯ ಪಿಂಚಣಿಯನ್ನು ನಿರಾಕರಿಸಿತು. ಹವಾಲ್ದಾರರು ಅದನ್ನು ತಮ್ಮ ಮೇಲಿನ ಆಪಾದನೆಯೆಂದೇ ಗ್ರಹಿಸಿ, ಹೆಂಡತಿಗೂ ತೋರಿಸದೆ, ಹದಿಮೂರು ವರ್ಷ ಟ್ರಂಕಿನ ತಳದಲ್ಲಿ ಇಟ್ಟಿದ್ದರು.

ಅದು ಆಪಾದನೆಯಲ್ಲ, ಅಭಿಪ್ರಾಯ. ಅಭಿಪ್ರಾಯಕ್ಕೆ ಕಾರಣ ಬೇಕು. ಇಡೀ ವ್ಯವಹಾರದ ತಿರುಳು ಇಷ್ಟೇ ಎಂದು ಅನಂತರ ನನಗೆ ಮನವರಿಕೆಯಾಯಿತು.

ಅವರಿಗೆ ಅನ್ವಯಿಸುವ ನಿಯಮದಂತೆ ವೈಕಲ್ಯವು ಶೇಕಡಾ 20ಕ್ಕೆ ಕಡಿಮೆಯಿರಬಾರದು. ಅದು ಸೇವೆಯಿಂದ ಉಂಟಾಗಿರಬೇಕು, ಅಥವಾ ಉಲ್ಬಣಿಸಿರಬೇಕು. ಈ ‘ಅಥವಾ’ ಎಂಬ ಅವ್ಯಯವನ್ನು ಓದುಗರು ಹಗುರವಾಗಿ ಕಾಣಬಾರದು. ರೋಗದ ಬೀಜ ಹುಟ್ಟಿನಿಂದಲೇ ಇದ್ದಿರಬಹುದು; ಚಳಿ, ಎತ್ತರ, ನಿದ್ದೆಗೇಡು ಅದಕ್ಕೆ ನೀರೆರೆದಿದ್ದರೂ ಹಕ್ಕು ಉಳಿಯುತ್ತದೆ. ಇನ್ನು, 1982ರ ಅರ್ಹತಾ ನಿಯಮಗಳಲ್ಲಿ ಸಿಪಾಯಿಯ ಪರವಾದ ಒಂದು ಪೂರ್ವಗ್ರಹಿಕೆಯಿದೆ. ಸೇರುವಾಗ ಮೈಯನ್ನೆಲ್ಲ ಪರೀಕ್ಷಿಸಿ ಆರೋಗ್ಯವಂತನೆಂದು ತೆಗೆದುಕೊಂಡವರು, ಆಗ ಯಾವ ರೋಗವನ್ನೂ ದಾಖಲಿಸದಿದ್ದರೆ, ಮುಂದೆ ಕಂಡ ರೋಗ ಸೇವೆಯಲ್ಲಿ ಬಂದದ್ದೆಂದೇ ಭಾವಿಸಬೇಕು. ಪ್ರವೇಶದ ಪರೀಕ್ಷೆಯಲ್ಲಿ ಅದನ್ನು ಪತ್ತೆಹಚ್ಚುವುದು ಸಾಧ್ಯವಿರಲಿಲ್ಲವೆಂದು ವೈದ್ಯರು ಹೇಳುವುದಾದರೆ ಕಾರಣ ಕೊಟ್ಟು ಹೇಳಬೇಕು. ರುಜುವಾತಿನ ಭಾರ ಸಿಪಾಯಿಯ ಮೇಲಿಲ್ಲ; ಸಂದೇಹ ಬಂದರೆ ಅದರ ಲಾಭ ಅವನಿಗೆ.

ನಿಯಮ ಹೀಗಿದ್ದರೂ ಕಾರಣವಿಲ್ಲದ ವಾಕ್ಯಗಳು ನಿಲ್ಲಲಿಲ್ಲ. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸೇನೆಯ ಸಿಗ್ನಲ್ಸ್ ದಳವನ್ನು ಸೇರಿ, 1994ರಲ್ಲಿ ಅಪಸ್ಮಾರದ ಕಾರಣದಿಂದ ಹೊರಬಿದ್ದವರು. ರೋಗ ದೇಹಪ್ರಕೃತಿಯದು, ಸೇವೆಯದಲ್ಲ ಎಂದು ಮಂಡಲಿ ಬರೆಯಿತು. ಸರ್ವೋಚ್ಚ ನ್ಯಾಯಾಲಯ 2013ರ ಜುಲೈಯಲ್ಲಿ ಅವರ ಪರವಾಗಿ ತೀರ್ಪಿತ್ತು, ಮಂಡಲಿ ಕಾರಣ ನೀಡದಿರುವುದನ್ನು ಎತ್ತಿ ತೋರಿಸಿತು. ಮುಂದಿನ ಅದೆಷ್ಟೋ ಮೊಕದ್ದಮೆಗಳಿಗೆ ಈ ತೀರ್ಪೇ ಊರುಗೋಲಾಯಿತು.

ಆದ್ದರಿಂದ ನಾವು ಮೊದಲು ಮಾಡಿದ ಕೆಲಸ ವಾದವಲ್ಲ, ಕಾಗದದ ಹುಡುಕಾಟ. ಹವಾಲ್ದಾರರಲ್ಲಿದ್ದುದು ನಿರಾಕರಣೆಯ ಪತ್ರ ಮಾತ್ರ. ಮಂಡಲಿಯ ಮೂಲ ನಡವಳಿಯನ್ನು ಅವರು ಕಂಡೇ ಇರಲಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ ಅದರ ನಕಲನ್ನು ತರಿಸಿಕೊಂಡೆವು. ಪ್ರವೇಶಕಾಲದ ಪರೀಕ್ಷೆಯಲ್ಲಿ ರೋಗದ ಸುಳಿವಿಲ್ಲ. ಒತ್ತಡ ಮೊದಲು ಕಾಣಿಸಿಕೊಂಡಾಗ ಅವರು ಎಲ್ಲಿ ಇದ್ದರು ಎಂಬುದಕ್ಕೆ ಉತ್ತರ, ಗಡಿಯ ಒಂದು ಠಾಣ್ಯ. ಕಾರಣ ಬರೆಯಬೇಕಾದ ಜಾಗದಲ್ಲಿ ಒಂದೇ ಒಂದು ಪದವಿತ್ತು. ರೋಗದ ಹೆಸರನ್ನೇ ಮತ್ತೊಮ್ಮೆ ಬರೆದಿದ್ದರು. ನನ್ನ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದಿದ್ದರೆ ಅಂಕ ಕೊಡುತ್ತಿರಲಿಲ್ಲ.

ಮೇಲ್ಮನವಿ ಸಲ್ಲಿಸಿದೆವು, ತಡವಾಯಿತೆಂದು ಅದು ಹಿಂದಿರುಗಿತು. ಉಳಿದ ದಾರಿ 2007ರ ಕಾಯಿದೆಯಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. (ಮೇಲ್ಮನವಿಗೆ ಆರು ತಿಂಗಳಾದರೂ ತೀರ್ಮಾನ ಬಾರದಿದ್ದರೆ ಕಾಯುತ್ತ ಕೂರಬೇಕಾಗಿಲ್ಲ, ಅಲ್ಲಿಗೆ ಹೋಗಬಹುದೆಂದು ಕಾಯಿದೆಯೇ ಹೇಳುತ್ತದೆ.) ವಿಳಂಬ ಅಲ್ಲಿಯೂ ಬೆನ್ನುಬಿಡಲಿಲ್ಲ. ತರ್ಸೇಮ್ ಸಿಂಗ್ ಎಂಬವರು 1983ರಲ್ಲಿ ಸೇನೆಯನ್ನು ಬಿಟ್ಟು 1999ರಲ್ಲಿ ಹೈಕೋರ್ಟಿಗೆ ಹೋದವರು. ಅವರ ಮೊಕದ್ದಮೆಯಲ್ಲಿ 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಲ್ಲಿಸಿದ ತತ್ತ್ವವೆಂದರೆ, ಪಿಂಚಣಿ ತಿಂಗಳು ತಿಂಗಳೂ ತಪ್ಪುತ್ತಿರುವುದರಿಂದ ತಡವಾದ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ. ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಮಾತ್ರ. ಹವಾಲ್ದಾರರ ಅರ್ಜಿ ದಾಖಲಾದದ್ದು 2020ರಲ್ಲಿ. ಟ್ರಂಕಿನ ತಳದಲ್ಲಿ ಕಳೆದುಹೋದುದು ಎಷ್ಟೆಂದು ಅವರೇ ಬೆರಳು ಮಡಿಸಿ ಎಣಿಸಿದರು: ಹನ್ನೆರಡು ವರ್ಷ.

ವಿಚಾರಣೆಯ ದಿನ ಅವರು ಪದಕಗಳನ್ನು ಧರಿಸಿ ಬಂದಿದ್ದರು. ಪೀಠದಲ್ಲಿ ಇಬ್ಬರು, ಒಬ್ಬರು ನ್ಯಾಯಾಧೀಶರಾಗಿದ್ದವರು, ಇನ್ನೊಬ್ಬರು ಸೇನೆಯ ಹಿರಿಯ ಅಧಿಕಾರಿಯಾಗಿದ್ದವರು. ತಮ್ಮ ಸೇವೆಯ ಕಥೆಯನ್ನು ಹೇಳಬೇಕಾದೀತೆಂದು ಹವಾಲ್ದಾರರು ರಾತ್ರಿಯೆಲ್ಲ ಮನನ ಮಾಡಿದ್ದರು. ಯಾರೂ ಕೇಳಲಿಲ್ಲ. ನಡವಳಿಯ ಆ ಪುಟವನ್ನು ತೆರೆದು, ಕಾರಣವೆಲ್ಲಿ ಎಂದು ಸರ್ಕಾರಿ ವಕೀಲರನ್ನು ಕೇಳಿದರು. ಹತ್ತು ನಿಮಿಷವೂ ಆಗಲಿಲ್ಲ. ಹೊರಗೆ ಬಂದ ಮೇಲೆ ಅವರಿಗೆ ಸಂತೋಷಕ್ಕಿಂತ ನಿರಾಶೆಯೇ ಹೆಚ್ಚಾದಂತೆ ನನಗೆ ತೋರಿತು. ಮಾತು ಹೊತ್ತುಕೊಂಡು ಬಂದವನಿಗೆ ಮಾತಾಡಲು ಬಿಡದಿರುವುದೂ ಒಂದು ಬಗೆಯ ಶಿಕ್ಷೆಯೇ.

ಆದೇಶ 2022ರಲ್ಲಿ ಬಂತು. ಶೇಕಡಾ 30 ಎಂಬುದು ಅದರಲ್ಲಿ 50 ಆಗಿತ್ತು. ಇದು ದಯೆಯಲ್ಲ. ಐವತ್ತಕ್ಕಿಂತ ಕಡಿಮೆಯಿದ್ದುದನ್ನು ಐವತ್ತೆಂದೇ ಎಣಿಸುವ ಸೌಲಭ್ಯವನ್ನು ಸರ್ಕಾರ ಮೊದಲು ರೋಗದಿಂದ ಹೊರಬಿದ್ದವರಿಗೆ ಮಾತ್ರ ಮೀಸಲಿಟ್ಟಿತ್ತು. ಅವಧಿ ಮುಗಿಸಿದವರಿಗೂ ಅದು ಸಲ್ಲುತ್ತದೆಂದು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ಲೆಕ್ಕವನ್ನೆಲ್ಲ ವಿವರಿಸಿದೆ. ಹವಾಲ್ದಾರರ ಪ್ರಶ್ನೆ ಬೇರೆಯೇ ಇತ್ತು: “ಆ ವಾಕ್ಯಾನ ಹೊಡೆದು ಹಾಕಿದಾರಾ ಮೇಷ್ಟ್ರೇ?” ಹೌದೆಂದು ಸಾಲನ್ನು ತೋರಿಸಿದೆ. ಅಂದೇ ಹೆಂಡತಿಗೆ ಓದಿ ಹೇಳಿದರಂತೆ.

ಈಗ ಅವರು ಇನ್ನಿಬ್ಬರ ಲಕೋಟೆಗಳನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಒಬ್ಬರು 2007ಕ್ಕೆ ಮೊದಲೇ ಬಿಡುಗಡೆಯಾದವರು. ಅವರ ದಾರಿ ಹವಾಲ್ದಾರರದೇ. ಇನ್ನೊಬ್ಬರು 2024ರಲ್ಲಿ ಬಂದವರು. ನಿಯಮಗಳು 2008ರಲ್ಲಿ ಒಮ್ಮೆ, 2023ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಬದಲಾಗಿವೆ. ಹಳೆಯ ಪೂರ್ವಗ್ರಹಿಕೆಯನ್ನು ಅವರ ವಿಷಯದಲ್ಲಿ ಹಾಗೆಯೇ ನೆಚ್ಚುವಂತಿಲ್ಲ. ಮಂಡಲಿಯ ನಡವಳಿಯ ನಕಲಿಗೆ ಇಬ್ಬರ ಹೆಸರಿನಲ್ಲೂ ಅರ್ಜಿ ಹೋಗಿದೆ.